ಶ್ರೀಧರನಿಗೆ ಹೆಣೆದ ಟೋಪಿ

ಮದುವೆಯಾಗಿ ಮಂಗಳೂರಿನಿಂದ ಜಯನಗರಕ್ಕೆ ಬಂದ ಮೊದಲ ಬೆಳಿಗ್ಗೆ, ಮಾವನವರು ಕಿವಿ ಮುಚ್ಚುವ ಉಣ್ಣೆ ಟೋಪಿ ಹಾಕಿಕೊಂಡು ಹಿತ್ತಲಲ್ಲಿ ನಿಂತಿದ್ದರು. ಬಾಯಿಂದ ಹೊಗೆ ಬರುತ್ತಿತ್ತು. ಇವರಿಗೇನೋ ಕಾಯಿಲೆ, ನಮಗೆ ಹೇಳದೆ ಮುಚ್ಚಿಟ್ಟಿದ್ದಾರೆ ಎಂದುಕೊಂಡೆ. ಚಳಿಯೇ ಕಾಣದ ನಮ್ಮೂರಲ್ಲಿ ಉಣ್ಣೆಯೆಂದರೆ ಕಾನ್ವೆಂಟಿನ ನೀಡಲ್‌ವರ್ಕ್ ಕ್ಲಾಸು ಮಾತ್ರ. ಬೆವರುವ ಕೈಗೆ ಅಂಟುವ ನೂಲಿನಲ್ಲಿ, ಯಾರೂ ಎಂದೂ ಹಾಕದ ಟೋಪಿ ಹೆಣೆದು ಮಾರ್ಕ್ಸ್ ಪಡೆಯುತ್ತಿದ್ದೆವು.

ಆಗಿನ ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಮಂಗಳೂರಲ್ಲಿ ಗುಡ್ಡದ ಮೇಲಿಂದ ಕಡಲು ಕಾಣುತ್ತಿತ್ತು, ಇಲ್ಲಿ ಅಳತೆಯ ಕಲ್ಲುಗಳು. ಅಲ್ಲಿ ಕುಚ್ಚಲಕ್ಕಿಯ ಗಂಜಿ, ಇಲ್ಲಿ ಬೆಳ್ತಿಗೆ, ಅಂದರೆ ನಾವು ಹಬ್ಬಕ್ಕೆ ಮಾತ್ರ ಬೇಯಿಸುತ್ತಿದ್ದ ಬಿಳಿ ಅನ್ನ, ದಿನವೂ. ನಾನು ನಮ್ಮೂರಿನ ಪುಸ್ತಕದಂಥ ಕನ್ನಡದಲ್ಲಿ “ಬರುತ್ತೇನೆ, ಹೋಗುತ್ತೇನೆ” ಎಂದರೆ ಅತ್ತೆ, “ಇದೇನೇ, ಪಾಠ ಒಪ್ಪಿಸ್ತಿದೀಯಾ?” ಎನ್ನುತ್ತಿದ್ದರು. ಒಂದು ವರ್ಷ ಹೀಗೇ, ಗೆಸ್ಟ್ ಆಗಿಯೇ ಕಳೆಯಿತು.

ಆಮೇಲೆ ಉತ್ತರದ ಗಡಿಯಲ್ಲಿ ಯುದ್ಧ ಶುರುವಾಯಿತು. ಸೈನ್ಯದಲ್ಲಿದ್ದ ಮೈದುನ ಶ್ರೀಧರ ರಜೆಯ ಮೇಲೆ ಬಂದಿದ್ದ. ತಕ್ಷಣ ಹೊರಡುವಂತೆ ಟೆಲಿಗ್ರಾಂ ಬಂತು. ಮೂರನೆಯ ದಿನ ಮಧ್ಯಾಹ್ನ ಟ್ರೇನು. ಅತ್ತೆ ನೇರವಾಗಿ ನನ್ನ ಬಳಿ ಬಂದರು.

“ಹೆಣಿಗೆ ಕಲ್ತಿದೀನಿ ಅಂತಿದ್ಯಲ್ಲ. ಅವನ ತಲೆಗೊಂದು ಮಾಡ್ಕೊಡು. ಅಲ್ಲಿ ಹಿಮ ಬೀಳತ್ತಂತೆ.”

ಅವರು ನನ್ನಲ್ಲಿ ಕೇಳಿದ ಮೊದಲ ವಸ್ತು ಅದು.

ಚಿಕ್ಕಪೇಟೆಯಲ್ಲಿ ಉಲ್ಲನ್ ಖಾಲಿ. ಊರಿನ ಹೆಂಗಸರೆಲ್ಲ ಜವಾನರಿಗಾಗಿ ಹೆಣೆಯುತ್ತಿದ್ದರು. ಕಡುಹಸಿರು ಅರ್ಧ ಲಡಿ, ಕ್ರೀಮ್ ಬಣ್ಣದ್ದು ಅರ್ಧ ಲಡಿ ಸಿಕ್ಕಿತು. ಎರಡು ಬಣ್ಣದ ಹೆಣಿಗೆಯಲ್ಲಿ ಒಂದು ಅನುಕೂಲವಿದೆ: ಒಂದು ನೂಲು ಮುಂದೆ ಕುಣಿಕೆಯಾಗುವಾಗ ಇನ್ನೊಂದು ಹಿಂದೆ ಹಾಯುತ್ತದೆ, ಟೋಪಿ ಎರಡು ಪದರದಷ್ಟು ಬೆಚ್ಚಗಿರುತ್ತದೆ. ಮೂರು ಕಡ್ಡಿಗಳ ಮೇಲೆ ಕುಣಿಕೆ ಹಂಚಿ, ನಾಲ್ಕನೆಯದರಿಂದ ಸುತ್ತ ಹೆಣೆಯುತ್ತ ಹೋದೆ. ಊಟಕ್ಕೂ ಏಳಲಿಲ್ಲ.

ಎರಡನೆಯ ದಿನ ಸಂಜೆ ಶ್ರೀಧರನ ತಲೆಗೆ ಹಾಕಿ ನೋಡಿದರೆ ಅದು ಹುಬ್ಬಿನ ಮೇಲೆಯೇ ನಿಂತುಬಿಟ್ಟಿತು, ಕಿವಿಗೆ ಇಳಿಯಲೇ ಇಲ್ಲ.

“ಅತ್ತಿಗೆ, ಇದು ನನ್ನ ತಲೆಗೋ, ತೆಂಗಿನಕಾಯಿಗೋ?”

ಯಾರೂ ನಗಲಿಲ್ಲ. ಕುಣಿಕೆಯ ಲೆಕ್ಕ ಸರಿಯಾಗಿತ್ತು, ಅಳತೆಯೂ ಸರಿಯಿತ್ತು. ಅತ್ತೆ ಟೋಪಿ ತೆಗೆದುಕೊಂಡು ಒಳಹೊರಗು ಮಾಡಿದರು. ಒಳಮೈ ಇಸ್ತ್ರಿ ಹಾಕಿದಂತೆ ನೀಟಾಗಿತ್ತು. ಕಾನ್ವೆಂಟಿನಲ್ಲಿ ಸಿಸ್ಟರ್ ಮೊದಲು ನೋಡುತ್ತಿದ್ದುದೇ ಹೆಣಿಗೆಯ ಬೆನ್ನನ್ನು. ಒಂದು ಎಳೆ ಜೋತುಬಿದ್ದರೂ ಬೆರಳ ಗೆಣ್ಣಿಗೆ ರೂಲರಿನ ಏಟು. ಆ ಭಯಕ್ಕೆ ಹಿಂದಿನ ನೂಲನ್ನೆಲ್ಲ ಬಿಗಿದು ಎಳೆದಿದ್ದೆ.

“ಕನಕಾಂಬರ ಕಟ್ಟೋವಾಗ ನಾರನ್ನ ಹಿಂಗೆ ಜಗ್ಗಿದ್ರೆ ಏನಾಗತ್ತೆ?”

“ಮಾಲೆ ಸುರುಟಿಕೊಳ್ಳುತ್ತದೆ.”

“ಮತ್ತೆ? ಬಿಚ್ಚು.”

“ಟೈಮ್ ಇಲ್ಲ ಅತ್ತೆ.”

“ನಂಗೊತ್ತಿಲ್ವಾ ಟೈಮ್ ಇಲ್ಲ ಅಂತ? ಬಿಚ್ಚೇ.”

ನಾನು ಬಿಚ್ಚಿದೆ, ಅವರು ಉಂಡೆ ಸುತ್ತಿದರು. ಮತ್ತೆ ಶುರು. ಅತ್ತೆ ಪಕ್ಕದಲ್ಲೇ ಕೂತು ನನ್ನ ಕೈಯನ್ನೇ ನೋಡುತ್ತಿದ್ದರು. ಬೆರಳು ನೂಲನ್ನು ಎಳೆಯಲು ಹೋದಾಗಲೆಲ್ಲ, “ಬಿಡು, ಸಡಿಲ ಬಿಡು.” ಹಿಂದೆ ಎಳೆ ಜೋಲುವಂತೆ ಬಿಡುವುದು ನನಗೆ ಸುಳ್ಳು ಹೇಳಿದಷ್ಟು ಕಷ್ಟವಾಗುತ್ತಿತ್ತು.

ನೆತ್ತಿಯ ಭಾಗವನ್ನು ಮರುದಿನ ಸ್ಟೇಷನ್ನಿಗೆ ಹೋಗುವ ಜಟಕಾದಲ್ಲಿ ಹೆಣೆದೆ. ಕೊನೆಯ ಎಂಟು ಕುಣಿಕೆಗಳಿಗೆ ನೂಲು ಪೋಣಿಸಿ ಬಿಗಿದದ್ದು ಪ್ಲಾಟ್‌ಫಾರ್ಮಿನ ಮೇಲೆ, ಗಾರ್ಡ್ ಬಾವುಟ ಬಿಚ್ಚುವಾಗ. ಶ್ರೀಧರ ಕಿಟಕಿಯಿಂದ ತಲೆ ಹೊರಹಾಕಿದ. ಅತ್ತೆ ಟೋಪಿ ತೊಡಿಸಿ ಕೆಳಗೆ ಎಳೆದರು. ಅದು ಕಿವಿಯ ಕೆಳಗಿನವರೆಗೂ ಇಳಿಯಿತು.

ಆಮೇಲೆ ಕಾಗದವೇ ಇಲ್ಲ. ಯುದ್ಧ ನಿಂತಿತು ಎಂದು ರೇಡಿಯೋ ಹೇಳಿತು. ಅವನ ಸುದ್ದಿ ಮಾತ್ರ ಇಲ್ಲ. ದಿನವೂ ಪೋಸ್ಟ್‌ಮ್ಯಾನ್ ಸೈಕಲ್ ನಮ್ಮ ಗೇಟು ದಾಟಿ ಹೋಗುವವರೆಗೆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

ಅಷ್ಟರಲ್ಲಿ ನನ್ನ ತಂಗಿಯ ಮದುವೆ. ಕರೆದೊಯ್ಯಲು ಅಪ್ಪ ಬಂದರು.

“ಹೋಗೇ. ಒಬ್ಳೇ ತಂಗಿ,” ಎಂದರು ಅತ್ತೆ.

ಪೆಟ್ಟಿಗೆ ತುಂಬಿದ್ದೆ. ಬಾಗಿಲವರೆಗೆ ಬಂದೆ. “ಅಪ್ಪ, ಕಾಗದ ಬರಲಿ. ಆಮೇಲೆ ಬರ್ತೀನಿ,” ಎಂದೆ. ಅಪ್ಪ ನನ್ನ ಮುಖ ನೋಡಿದರು. ಒಬ್ಬರೇ ಬಸ್ಸು ಹತ್ತಿದರು.

ಕಾಗದ ಬಂದದ್ದು ಮದುವೆಯ ದಿನವೇ, ಬೆಳಿಗ್ಗೆ ಹತ್ತಕ್ಕೆ. ಶ್ರೀಧರ ಆಸ್ಪತ್ರೆಯಲ್ಲಿದ್ದ. ಹಿಮಕ್ಕೆ ಎರಡು ಕಾಲ್ಬೆರಳು ಹೋಗಿದ್ದವು, ಜೀವಕ್ಕೆ ಭಯವಿರಲಿಲ್ಲ. ತಲೆ ಬೆಚ್ಚಗಿದೆಯೆಂದು ಅತ್ತಿಗೆಗೆ ತಿಳಿಸಿ ಎಂದು ಬರೆದಿದ್ದ. ಮಾವ ಮೂರು ಸಲ ಓದಿಸಿದರು. ಅತ್ತೆ ನನ್ನ ಬಾಯಿಗೆ ಸಕ್ಕರೆ ಹಾಕಿದರು. ನಾನೂ ನಕ್ಕೆ. ಆಮೇಲೆ ಬಚ್ಚಲುಮನೆಗೆ ಹೋಗಿ ಹಂಡೆಯ ಪಕ್ಕ ಕೂತೆ. ಈಗ ಧಾರೆ, ಈಗ ತಾಳಿ ಎಂದು ಮನಸ್ಸಿನಲ್ಲೇ ಮುಹೂರ್ತ ಸಾಗಿಸಿದೆ. ಅತ್ತೆ ಬಾಗಿಲಾಚೆ ನಿಂತಿದ್ದರು. ಅವರ ಬಳೆಯ ಸದ್ದು ಕೇಳಿಸುತ್ತಿತ್ತು. ತಟ್ಟಲಿಲ್ಲ.

ಆ ಮದುವೆಯ ಗ್ರೂಪ್ ಫೋಟೋ ಈಗಲೂ ನಮ್ಮ ತವರುಮನೆಯ ಗೋಡೆಯಲ್ಲಿದೆ. ಅದರಲ್ಲಿ ನಾನಿಲ್ಲ. ಯಾರಾದರೂ ಕೇಳಿದರೆ ತಂಗಿ ಇವತ್ತಿಗೂ ಕೋಪವಿಲ್ಲದೆ ಹೇಳುತ್ತಾಳೆ: “ಅಕ್ಕನಿಗೆ ಅವಳ ಮನೆಯ ಹುಡುಗನ ಕಾಗದ ಬರಬೇಕಿತ್ತು.”