‘ಸೈಟ್’ ಪದಕ್ಕೆ ಇಪ್ಪತ್ತು ಸಹಿ

ನಾನು ಡಿಗ್ರಿ ಮುಗಿಸುವುದು ಆಗದ ಮಾತು ಎಂದವರು ನಮ್ಮ ದೊಡ್ಡಪ್ಪ. “ನಮ್ಮನೇಲಿ ಎಸ್ಸೆಸ್ಸೆಲ್ಸಿ ದಾಟ್ದೋರಿಲ್ಲ, ಇವಳೇನ್ ದಾಟ್ತಾಳೆ” ಎಂದು ನಮ್ಮೂರು ತೂಬಗೆರೆಯ ಟೀ ಅಂಗಡಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ್ದರು. ಅಮ್ಮ ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಹೊಲಿಗೆ ಹಾಕುತ್ತಾ, ಸಿಕ್ಕಿದ ಓವರ್‌ಟೈಮ್ ಬಿಡದೆ ನನ್ನನ್ನು ಕೊನೆಯ ಸೆಮಿಸ್ಟರ್‌ವರೆಗೆ ದಾಟಿಸಿದಳು. ಉಳಿದದ್ದು ಇಂಗ್ಲಿಷ್ ಪ್ರಾಜೆಕ್ಟ್ ಒಂದೇ: ದಿನಬಳಕೆಯ ಒಂದು ಇಂಗ್ಲಿಷ್ ಪದದ ಮೂಲ ಬರೆದು, ಇಪ್ಪತ್ತು ಜನ ಅದನ್ನು ಹೇಗೆ ಬಳಸುತ್ತಾರೆಂದು ಅವರದೇ ವಾಕ್ಯದಲ್ಲಿ ಬರೆದುಕೊಂಡು, ಕೆಳಗೆ ಅವರ ಸಹಿ ಹಾಕಿಸಬೇಕು. ಸಹಿ ಇಲ್ಲದಿದ್ದರೆ ಅಂಕವಿಲ್ಲ, ಅಂಕವಿಲ್ಲದಿದ್ದರೆ ಡಿಗ್ರಿಯೂ ಇಲ್ಲ.

ನಾನು ‘ಸೈಟ್’ ಆರಿಸಿಕೊಂಡೆ. ಲ್ಯಾಟಿನ್ನಿನ ಮೂಲದಲ್ಲಿ ಅದಕ್ಕೆ ‘ಇರುವ ಜಾಗ’ ಎಂಬಷ್ಟೇ ಅರ್ಥ. ಇಂಗ್ಲಿಷಿನವರಿಗೆ ಕಟ್ಟಡ ಏಳುವ ಜಾಗವೂ ಸೈಟೇ, ಯುದ್ಧ ನಡೆದ ಜಾಗವೂ ಸೈಟೇ. ನಮ್ಮ ಕಡೆ ಮಾತ್ರ ಅದು ಮನೆ ಕಟ್ಟುವ ತರ್ಟಿ ಫಾರ್ಟಿ. ಉದ್ದ ಅಗಲ ಹೇಳದಿದ್ದರೆ ಯಾರೂ ಅದನ್ನು ಸೈಟ್ ಎಂದು ಒಪ್ಪುವುದಿಲ್ಲ.

ನೋಟ್‌ಬುಕ್ ಹಿಡಿದು ಊರೊಳಗೆ ಹೊರಟೆ. ಹತ್ತಿರದಲ್ಲಿ ಏರ್‌ಪೋರ್ಟ್ ಬಂದ ಮೇಲೆ ನಮ್ಮಲ್ಲಿ ಸಹಿ ಕೇಳಿಕೊಂಡು ಬಂದವರೆಲ್ಲ ಜಮೀನಿಗೇ ಬಂದವರು. ಅದು ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಮೊದಲ ಮನೆಯ ಯಜಮಾನರೇ ಬಾಗಿಲಿಗೆ ಅಡ್ಡ ನಿಂತರು.

“ಯಾರ್ ಕಳ್ಸವ್ರೆ ನಿನ್ನ?”

“ಮೇಡಮ್ಮು.”

“ಯಾವ್ ಮೇಡಮ್ಮು, ತಹಸೀಲ್ದಾರ್ರಾ?”

“ಅಲ್ಲ, ಇಂಗ್ಲಿಷ್ ಮೇಡಮ್ಮು.”

“ಇಂಗ್ಲಿಷ್‌ನೋರ್ಗೂ ಬೇಕಾಯ್ತಾ ನಮ್ ಜಮೀನು!”

ಸಂಜೆಯೊಳಗೆ ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳುವಂತಾಯಿತು. ಒಂದು ಸಹಿಯೂ ಸಿಗಲಿಲ್ಲ. ಒಪ್ಪಿಸಲು ಎರಡೇ ದಿನವಿತ್ತು.

ಬೆಳಗಾಗುವಷ್ಟರಲ್ಲಿ ಸುದ್ದಿ ಮಗುಚಿಕೊಂಡಿತ್ತು. ಸಹಿ ಹಾಕಿದವರಿಗೆ ಸರ್ಕಾರ ಸೈಟ್ ಕೊಡುತ್ತದಂತೆ! ನಮ್ಮ ಬಾಗಿಲ ಮುಂದೆ ಆಧಾರ್ ಜೆರಾಕ್ಸ್ ಹಿಡಿದವರ ಸಾಲು. ಮುಂದೆ ನಿಂತಿದ್ದವರು ದೊಡ್ಡಪ್ಪನೇ.

“ಪೂರ್ವಕ್ಕೆ ಬಾಗ್ಲಿರೋ ಸೈಟೇ ಬೇಕು. ಬರ್ಕೊ.”

“ದೊಡ್ಡಪ್ಪಾ, ಇದು ಬರೀ ಪದ. ಜಾಗ ಅಲ್ಲ.”

“ಇರ್ಲಿ ಬಿಡು. ಮೊದ್ಲು ಪದ ಕೊಡ್ಲಿ, ಜಾಗ ಆಮೇಲ್ ಕೊಡ್ತಾರೆ.”

ಸೈಟೂ ಇಲ್ಲ, ಏನೂ ಇಲ್ಲ ಎಂದು ಗಂಟಲು ಹರಿಯುವಂತೆ ಕೂಗಿದೆ. “ಇಲ್ಲ ಅಂತ ಇಷ್ಟು ಕೂಗ್ತಾವ್ಳೆ ಅಂದ್ರೆ ಇರ್ಲೇಬೇಕು” ಎಂದು ಹಿಂದಿನಿಂದ ಒಬ್ಬರು ನುಗ್ಗಿದರು. ಒಬ್ಬರಿಗೆ ಕಾರ್ನರ್ ಸೈಟ್. ಇನ್ನೊಬ್ಬರಿಗೆ ಸ್ಮಶಾನದ ಪಕ್ಕ ಬೇಡ. ಮತ್ತೊಬ್ಬರು ತೀರಿಹೋದ ಅಪ್ಪನ ಹೆಸರಲ್ಲೂ ಒಂದು ವಾಕ್ಯ ಹೇಳಿದರು. ಅದನ್ನು ನಾನು ಬರೆದುಕೊಳ್ಳಲಿಲ್ಲ. ಮಧ್ಯಾಹ್ನಕ್ಕೆ ನೋಟ್‌ಬುಕ್ ತುಂಬಿತು.

ಮೇಡಂ ಪುಟ ತಿರುವಿ ಕನ್ನಡಕ ತೆಗೆದರು. “ಏನಮ್ಮಾ ಇದು, ಪ್ರಾಜೆಕ್ಟೋ ಅರ್ಜಿಯೋ?”

ನಡೆದದ್ದನ್ನೆಲ್ಲ ಹೇಳಿದೆ. ಅವರು ನಗಲಿಲ್ಲ. “ಇದನ್ನೂ ಬರಿ. ಪದ ನಿಮ್ಮೂರಲ್ಲಿ ಹೇಗೆ ಬದುಕ್ತಿದೆ ಅಂತ ಇದ್ರಲ್ಲೇ ಗೊತ್ತಾಗತ್ತೆ” ಎಂದರು. ಬರೆದೆ. ಪಾಸಾದೆ.

ಸರ್ಟಿಫಿಕೇಟ್ ಬಂದ ದಿನ ಅಮ್ಮನ ಬಸ್ಸಿಗೆ ಕಾದಿದ್ದು, ಸ್ಟಾಪಿನಲ್ಲೇ ಅವಳ ಕೈಗೆ ಕೊಟ್ಟೆ. ಅವಳು ಸೆರಗಿನಲ್ಲಿ ಬೆರಳು ಒರೆಸಿಕೊಂಡು ಅಂಚು ಹಿಡಿದಳು.

“ಲ್ಯಾಮಿನೇಷನ್ ಮಾಡ್ಸ್‌ಬೇಡ ಕಣೇ. ಒಂದ್ ವಾರ ಹಿಂಗೇ ಇರ್ಲಿ, ಮುಟ್ಟಿ ನೋಡ್ಬೇಕು.”