ಕೊರವ ಮೀನಿನ ಕೆಂಪು ಮರಿಗಳು

ಉಡಿಗಾಲದ ಶಿವಮಲ್ಲು ಚಾಮರಾಜನಗರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟವನು. ವಾರವೆಲ್ಲ ತಾಮ್ರದ ತಂತಿ, ಭಾನುವಾರ ಗಾಳ. ಊರ ಕೆರೆಯಲ್ಲಿ ಕೊರವ ಮೀನು ಹಿಡಿಯುವುದನ್ನು ಕಲಿಸಿದವಳು ಅವ್ವ ಕರಿಯಮ್ಮ. ಸಣ್ಣ ಕಪ್ಪೆಯನ್ನು ಗಾಳಕ್ಕೆ ಸಿಕ್ಕಿಸಿ ಜೊಂಡಿನ ಅಂಚಿಗೆ ಬಿಟ್ಟರೆ ಕೊರವ ಎಗರಿ ನುಂಗುತ್ತಿತ್ತು. ಒಂದು ಮಾತನ್ನಂತೂ ಅವಳು ಗಟ್ಟಿಯಾಗಿ ಹೇಳಿದ್ದಳು: "ನೀರ್ ಮ್ಯಾಲೆ ಕೆಂಪಗೆ ಮರಿ ಗುಂಪು ಕಂಡ್ರೆ ಅಲ್ಲಿ ಗಾಳ ಆಕ್ಬ್ಯಾಡ ಕಣ್ಲಾ. ಹೆತ್ತವು ಕಾವಲಿರ್ತವೆ."

ನಾಲ್ಕು ವರ್ಷದ ಹಿಂದೆ ಕೆರೆಗೆ ನದಿ ನೀರು ತುಂಬಿಸುವ ಕೆಲಸ ಬಂತು. ಜೆಸಿಬಿ ಹೂಳೆತ್ತಿತು, ಜೊಂಡು ಕಿತ್ತಿತು, ದಡವನ್ನು ಗೋಡೆಯಂತೆ ಕಡಿದಿಟ್ಟಿತು. ನೀರು ಬಂದಾಗ ಊರಿಗೇ ಹಬ್ಬ. ಶಿವಮಲ್ಲುವಿನ ಗಾಳಕ್ಕೂ ಮೂರು ಕೆಜಿ, ನಾಲ್ಕು ಕೆಜಿ ಕೊರವಗಳು ಬೀಳತೊಡಗಿದವು. ಟೀ ಅಂಗಡಿಯಲ್ಲಿ ಎಲ್ಲರೂ ಬೆನ್ನು ತಟ್ಟಿದರು.

ಹೆಂಡತಿ ನಾಗರತ್ನ ಮಾತ್ರ ಒಂದು ದಿನ ಮೀನು ಉಜ್ಜುತ್ತಾ ಕೇಳಿದಳು, "ಅಲ್ಲಾ, ಬರೀ ಮುದಿ ಮೀನೇ ತತ್ತೀರಲ್ಲ, ಗೇಣುದ್ದದವೆಲ್ಲಾ ಎಲ್ಲೋದ್ವು?"

ಶಿವಮಲ್ಲು ಲೆಕ್ಕ ಹಾಕಿದ. ಮರಿ ಗುಂಪು ಕಂಡು ಮೂರು ವರ್ಷವಾಗಿತ್ತು. ಒಂದು ಮೂಲೆ ಬಿಟ್ಟರೆ ಗೂಡು ಕಟ್ಟಲು ಜೊಂಡೂ ಇಲ್ಲ, ತೆಳುನೀರೂ ಇಲ್ಲ. ತಾನು ಹಿಡಿಯುತ್ತಿರುವುದು ಜೆಸಿಬಿ ಬರುವ ಮುಂಚೆ ಹುಟ್ಟಿದವನ್ನೇ ಎಂದು ಆಗ ಹೊಳೆಯಿತು. ಅಂದಿನಿಂದ ಹಿಡಿದದ್ದನ್ನು ನೀರಿಗೇ ಬಿಡತೊಡಗಿದ.

ಆದರೆ ದೊಡ್ಡ ಮೀನಿನ ಸುದ್ದಿ ಮೈಸೂರು ಮುಟ್ಟಿತ್ತು. ಆಷಾಢದಲ್ಲಿ ದಿಲೀಪ್ ಎಂಬ ಯುವಕ ಬೆಲೆಬಾಳುವ ಗಾಳದ ರಾಡು ಹಿಡಿದು ಬಂದ. ಅವನೂ ಹಿಡಿದ ಮೀನನ್ನು ಬಿಡುವವನೇ. ವಿಡಿಯೋ ಸಿಕ್ಕರೆ ಸಾಕು. ಮಾತಿಗೆ ಸಿಕ್ಕ ಶಿವಮಲ್ಲು ಅವನನ್ನು ಜೆಸಿಬಿ ತಲುಪದ ಈಚಲುಮರದ ಮೂಲೆಗೆ ಕರೆದೊಯ್ದ.

ಅಲ್ಲಿ ನೀರು ಕೆಂಪಗೆ ಕುದಿಯುತ್ತಿತ್ತು. ಮರಿಗಳು! ಶಿವಮಲ್ಲುವಿಗೆ ಕಣ್ಣು ತುಂಬಿ ಬಂತು.

"ಬ್ಯಾಡಿ ಸಾರ್, ಅಲ್ಲಿಗ್ ಬ್ಯಾಡಿ!"

ಅಷ್ಟರಲ್ಲಿ ದಿಲೀಪನ ರಬ್ಬರ್ ಕಪ್ಪೆ ಮರಿಗಳ ನಡುವೆ ಬಿದ್ದಿತ್ತು. ನೀರು ಸಿಡಿಯಿತು. ಐದು ಕೆಜಿಗೂ ಮಿಕ್ಕ ಕೊರವ. ದಿಲೀಪ್ ತೂಗಿದ, ಅಳೆದ, ಮೂರು ಸಲ ವಿಡಿಯೋ ಮಾಡಿದ. ಅಷ್ಟು ಹೊತ್ತಿಗೆ ಅದರ ಜೋಡಿ ಮೀನು ಬೆದರಿ ಆಳಕ್ಕೆ ಇಳಿದಿತ್ತು, ಜಿಲೇಬಿ ಮೀನುಗಳು ನಾಲ್ಕೂ ಕಡೆಯಿಂದ ಮರಿಗಳಿಗೆ ಮುಗಿಬಿದ್ದಿದ್ದವು. ಶಿವಮಲ್ಲು ಎದೆಮಟ್ಟ ನೀರಿಗಿಳಿದು ಕೋಲಿನಿಂದ ನೀರು ಬಡಿದ.

"ಯಾಕಣ್ಣಾ, ಬಿಡ್ತಿದ್ದೀನಲ್ಲ?" ಎಂದ ದಿಲೀಪ್, ಮೀನನ್ನು ಜೋಪಾನವಾಗಿ ನೀರಿಗೆ ಇಳಿಸುತ್ತಾ.

"ಈಗ ಬುಟ್ಟು ಏನ್ ಬಂತು ಸಾರ್? ಮರಿ ಎಲ್ಲವೆ ನೋಡಿ."

ನೀರಿನ ಮೇಲೆ ಕೆಂಪು ಉಳಿದಿರಲಿಲ್ಲ. ದಿಲೀಪ್ ಮುಖ ಸಣ್ಣಗೆ ಮಾಡಿಕೊಂಡು ರಾಡು ಮಡಚಿದ. ಆದರೂ ವಿಡಿಯೋ ಹಾಕಿದ. ಕರೆದುಕೊಂಡು ಹೋದವನು ತಾನೇ ಅಲ್ಲವೇ ಎಂದು ಶಿವಮಲ್ಲುವಿಗೆ ವಾರವಿಡೀ ಊಟ ಸೇರಲಿಲ್ಲ.

ಮುಂದಿನ ಭಾನುವಾರ ಏರಿಯ ಮೇಲೆ ಆರು ಬೈಕುಗಳು ನಿಂತಿದ್ದವು. "ಅಣ್ಣಾ, ವಿಡಿಯೋದಲ್ಲಿರೋ ಜಾಗ ಯಾವುದು?" ಎಂದು ಒಬ್ಬ ಕೇಳಿದ.

ಹುಟ್ಟಿದಾಗಿನಿಂದ ಕೆರೆಯ ವಿಷಯದಲ್ಲಿ ಸುಳ್ಳಾಡದ ಶಿವಮಲ್ಲು ಏನೂ ಸಿಗದ ತೂಬಿನ ಕಡೆಗೆ ಕೈ ತೋರಿಸಿದ.