ಅಂಗಳದಲ್ಲಿ ಕೆಂಪು ಬಟ್ಟೆ

ನಮ್ಮ ಮನೆಯಲ್ಲಿ ಬಂದೂಕು ಇದೆ ಎಂದರೆ ಕೇಳಿದವರು ಮೊದಲು ನಮ್ಮ ಮನೆಯವರ ಮುಖ ನೋಡುತ್ತಾರೆ. ಅವರು ವಾಡಿಯಲ್ಲಿ ರೈಲ್ವೆ ಕೆಲಸದವರು, ದಾರಿಯಲ್ಲಿ ಇರುವೆ ಸಾಲು ಕಂಡರೆ ಕಾಲು ಎತ್ತಿ ದಾಟುವ ಮನುಷ್ಯ. ಬಂದೂಕು ನನ್ನದು.

ಬಂದೂಕು ಅಂದರೆ ಗಾಳಿ ಬಂದೂಕು. ಮದ್ದಿಲ್ಲ, ಹೊಗೆಯಿಲ್ಲ. ತೊಗರಿ ಕಾಳಿನಷ್ಟು ಸೀಸದ ಗುಂಡು, ಅದಕ್ಕೆ ನಮ್ಮ ಕಡೆ ಛರ್ರಾ ಅನ್ನುತ್ತಾರೆ. ಹಕ್ಕಿ ಹೊಡೆಯಲಿಕ್ಕಲ್ಲ, ಮಂಗ ಓಡಿಸಲಿಕ್ಕಲ್ಲ. ಹತ್ತು ಮೀಟರ್ ಆಚೆ ಕಾಗದದ ಮೇಲೆ ಒಂದು ಕಪ್ಪು ಚುಕ್ಕಿ ಇರುತ್ತದೆ, ಅದರ ನಡುವಿಗೆ ಹೊಡೆಯಬೇಕು, ಅಷ್ಟೇ. ಇಷ್ಟನ್ನು ಓಣಿಯವರಿಗೆ ತಿಳಿಸಿ ಹೇಳುವಷ್ಟರಲ್ಲಿ ಒಂದು ಬೇಸಿಗೆ ಕಳೆಯಿತು.

ನಾನು ಶಾಲೆಯ ಬಾಯಿ, ಅಂದರೆ ಶಿಕ್ಷಕಿ. ಚಿತ್ತಾಪುರ ತಾಲೂಕಿನ ಒಂದು ಹಳ್ಳಿಯ ಶಾಲೆಗೆ ದಿನಾ ಶಹಾಬಾದದಿಂದ ಹೋಗಿ ಬರುತ್ತೇನೆ. ಒಮ್ಮೆ ಶಾಲೆಯ ಹುಡುಗಿಯರನ್ನು ಕರೆದುಕೊಂಡು ಸೇಡಂಗೆ ಹೋಗಿದ್ದೆ. ಅಲ್ಲಿ ಮಿಲಿಟರಿಯಿಂದ ನಿವೃತ್ತರಾದ ಒಬ್ಬರು ತೊಗರಿ ತುಂಬುತ್ತಿದ್ದ ಹಳೇ ಗೋದಾಮಿನಲ್ಲಿ ಗುರಿ ಹೊಡೆಯುವುದನ್ನು ಕಲಿಸುತ್ತಿದ್ದರು. ಹುಡುಗಿಯರ ಸರದಿ ಮುಗಿದ ಮೇಲೆ, "ಬಾಯಾರ, ನೀವೂ ಒಮ್ಮೆ ಹಿಡೀರಿ," ಅಂದರು. ಹುಡುಗಿಯರು ಬಾಯಿಗೆ ಓಢಣಿ ಮುಚ್ಚಿ ನಕ್ಕರು. ನಾನೂ ನಗುತ್ತಲೇ ಹಿಡಿದೆ.

ಬಂದೂಕಿನ ಮೇಲಿನ ಸಣ್ಣ ಉಂಗುರದೊಳಗೆ ಕಣ್ಣಿಟ್ಟು ಚುಕ್ಕಿ ನೋಡಿದ ಆ ಗಳಿಗೆಯನ್ನು ಹೇಗೆ ಹೇಳಲಿ. ಹಾಜರಿ, ಬಿಸಿಯೂಟದ ಮೊಟ್ಟೆ, ಮುಗಿದ ಗ್ಯಾಸ್ ಸಿಲಿಂಡರ್, ಅತ್ತೆಯ ಗುಳಿಗೆ, ಒಣಹಾಕಿ ಬಂದ ಹಪ್ಪಳ, ತಲೆಯೊಳಗೆ ಸದಾ ಗಿಜಿಗುಡುವ ಇವೆಲ್ಲ ಒಮ್ಮೆಲೇ ಸುಮ್ಮನಾದವು. ಮದುವೆಯಾದಾಗಿನಿಂದ ನನ್ನ ತಲೆ ಅಷ್ಟು ಖಾಲಿ ಇದ್ದದ್ದು ನೆನಪಿಲ್ಲ. ಅದರ ಆಸೆಗೇ ನಾನು ಬಿದ್ದೆ, ಗುರಿಯ ಆಸೆಗಲ್ಲ.

ಆ ಮಿಲಿಟರಿಯವರು ಹೊಸದು ತಗೊಂಡಾಗ ತಮ್ಮ ಹಳೆಯದನ್ನು ನನಗೆ ಕೊಟ್ಟರು. ಹಳೆಯದು ಅನ್ನುವುದು ಹೆಸರಿಗೆ. ಹೊರದೇಶದ ಮಾಲು. ಕೆನ್ನೆ ಇಡುವ ಜಾಗ ಏರಿಸಬಹುದು ಇಳಿಸಬಹುದು, ಭುಜಕ್ಕೆ ತಾಗುವ ಕೊಂಡಿ ಹೆಗಲಿಗೆ ತಕ್ಕಂತೆ ತಿರುಗುತ್ತದೆ, ಎಲ್ಲದಕ್ಕೂ ತಿರುಪು. ಪೆಟ್ಟಿಗೆ ಬಿಚ್ಚಿದಾಗ ನಮ್ಮ ಮನೆಯವರು ಸುತ್ತ ಒಂದು ಸಲ ನಡೆದು, "ನನ್ನ ಹೆದರಸಲಿಕ್ಕ ಲಟ್ಟಣಿಗಿ ಸಾಲಲಿಲ್ಲೇನು?" ಅಂದರು. ಅತ್ತೆ ಮಂಚದ ಮೇಲಿಂದಲೇ ಕೇಳಿದರು.

"ಇದರಾಗ ಮದ್ದು ಹಾಕ್ತಾರೇನವಾ?"

"ಇಲ್ರೀ ಅತ್ತಿ, ಬರೇ ಗಾಳಿ."

"ಗಾಳಿಗಿ ಇಷ್ಟ ದೊಡ್ಡ ಪೆಟ್ಟಿಗಿ?"

ಗಾಳಿ ತುಂಬುವುದು ನಮ್ಮ ಮನೆಯವರ ಪಾಲಿಗೆ ಬಂತು. ಸೈಕಲ್ ಪಂಪಿನಂಥದೇ, ಆದರೆ ಒತ್ತಿದಷ್ಟೂ ಬಿಗಿಯಾಗುತ್ತ ಹೋಗುತ್ತದೆ. ರವಿವಾರ ಬೆಳಿಗ್ಗೆ ಬರೀ ಬನಿಯನ್ನಿನಲ್ಲಿ ನಿಂತು ಒತ್ತಿ ಒತ್ತಿ, ಬೆವರು ಒರೆಸಿಕೊಂಡು, "ಇಷ್ಟ ಗಾಳಿ ಸೈಕಲಿಗಿ ಹೊಡದಿದ್ರ ಚಿಂಚೋಳಿ ಮುಟ್ಟತಿದ್ದೆ," ಅನ್ನುತ್ತಿದ್ದರು. ಅನ್ನುತ್ತಿದ್ದರು, ಒತ್ತುತ್ತಿದ್ದರು.

ಕಲಿಯುವುದು ನಾನು ಎಣಿಸಿದಂತೆ ಇರಲಿಲ್ಲ. ಮೊದಲು ಬಹಳ ದಿನ ಛರ್ರಾ ಹಾಕುವಂತೆಯೇ ಇಲ್ಲ, ಬರೀ ಖಾಲಿ ಬಂದೂಕು ಹಿಡಿದು ನಿಲ್ಲುವುದು, ಕುದುರೆ ಎಳೆಯುವುದು. ಖಾಲಿ ಇದ್ದರೂ ತುಂಬಿದೆ ಅಂತಲೇ ತಿಳಿಯಬೇಕು, ಬಂದೂಕಿನ ಬಾಯಿ ಎಂದೂ ಮನುಷ್ಯರ ಕಡೆ ತಿರುಗಬಾರದು. "ರಟ್ಟಿ ಬಲದಿಂದ ಹಿಡೀಬ್ಯಾಡ್ರಿ ಬಾಯಾರ, ಎಲುಬಿನ ಮ್ಯಾಲ ಕೂಡಸ್ರಿ," ಅನ್ನುತ್ತಿದ್ದರು ಆ ಮಿಲಿಟರಿಯವರು. ಸೊಂಟವನ್ನು ಒಂದು ಕಡೆ ಕೊಟ್ಟು, ಎಡ ಮೊಳಕೈ ಅದರ ಮೇಲೆ ಊರಿ, ಭಾರವನ್ನೆಲ್ಲ ಕಾಲಿಗೆ ಇಳಿಸುವುದು. ಕುರಕುಂಟಾದ ತವರಿನಲ್ಲಿ ಕೊಡ ಹೊತ್ತ ಸೊಂಟಕ್ಕೆ ಅದು ಬೇಗ ಬಂತು. ಬಾರದೇ ಇದ್ದದ್ದು ಇನ್ನೊಂದು. ಗುಂಡು ಹೋದ ಕೂಡಲೇ ಹತ್ತಿತೋ ಇಲ್ಲವೋ ಅಂತ ನಾನು ತಲೆ ಎತ್ತಿಬಿಡುತ್ತಿದ್ದೆ. "ಹೊಡದ ಮ್ಯಾಲೂ ಕಣ್ಣ ತೆಗೀಬ್ಯಾಡ್ರಿ. ಚುಕ್ಕಿ ಬಿಟ್ಟು ಬ್ಯಾರೆ ಏನೂ ಇಲ್ಲ ನಿಮಗ," ಅಂತ ಮತ್ತೆ ಮತ್ತೆ ಹೇಳುತ್ತಿದ್ದರು. ಅದನ್ನೇ ನಾನು ಚೆನ್ನಾಗಿ ಕಲಿತೆ.

ನಮ್ಮದು ಹಳೇ ಕಾಲದ ಮನೆ. ನೆಲ, ಗೋಡೆ, ಮಾಳಿಗೆ ಎಲ್ಲ ಈ ಊರಿನ ಫರ್ಸಿ ಕಲ್ಲಿನದು. ಪಡಸಾಲೆಯ ಮುಂದೆ ಉದ್ದಕ್ಕೆ ಅಂಗಳ, ಅದರ ಕೊನೆಗೆ ಹಿಂದಿನ ಗೋಡೆ, ಗೋಡೆಯ ಪಕ್ಕದಲ್ಲೇ ಬಚ್ಚಲು, ಪಾಯಖಾನೆ. ಗುರಿ ಹೊಡೆಯಲು ಬೇಕಾದಷ್ಟು ಉದ್ದ ಇದ್ದದ್ದು ಅಲ್ಲಿ ಮಾತ್ರ. ಗೋಡೆಗೆ ಉಸುಕಿನ ಚೀಲ ಪೇರಿಸಿ, ಅದರ ಮುಂದೆ ಛರ್ರಾ ಹಿಡಿಯುವ ಕಬ್ಬಿಣದ ಡಬ್ಬಿ ಇಟ್ಟೆ. ಬಂದೂಕು ಹೊರಗೆ ಬಂದಾಗ ಎಲ್ಲರಿಗೂ ಕಾಣುವ ಹಾಗೆ ಕೆಂಪು ಬಟ್ಟೆ ಕಟ್ಟಬೇಕು, ಯಾರೂ ಅಡ್ಡ ದಾಟಬಾರದು ಅಂತ ಸೇಡಂನವರು ಹೇಳಿದ್ದರು. ಹೊಲಿಸದೆ ಉಳಿದ ಒಂದು ಕೆಂಪು ಜಂಪರ್ ಪೀಸನ್ನು ಅಂಗಳದ ಬಟ್ಟೆ ಒಣಹಾಕುವ ತಂತಿಗೆ ಕಟ್ಟುತ್ತಿದ್ದೆ. ಮುಗಿದ ಮೇಲೆ ಬಂದೂಕು ಒರೆಸಿ, ಸೀಸದ ಕೈ ತೊಳೆದು, ಬಟ್ಟೆ ಬಿಚ್ಚಿ, ಹಿಟ್ಟು ನಾದಲು ಕೂಡುತ್ತಿದ್ದೆ.

ದಿನಾ ಸಂಜೆ ನಾನು ಬಟ್ಟೆ ಕಟ್ಟಿದ ಕೂಡಲೇ ಅತ್ತೆ ಬಂದು ಅಡಿಗೆಮನೆಯ ಬಾಗಿಲಲ್ಲಿ, ನನ್ನ ಬಲಕ್ಕೆ, ಹೊಸ್ತಿಲ ಒಳಗೆ ಕಾಲು ಮಡಚಿ ಕೂಡುತ್ತಿದ್ದರು. ಮುಗಿಯುವತನಕ ಏಳುತ್ತಿರಲಿಲ್ಲ. ನನಗೆ ಒಳಗೊಳಗೇ ಹಿಗ್ಗು. ಎಪ್ಪತ್ತು ದಾಟಿದ ಹಿರಿಯರು, ಸೊಸೆಯ ಆಟ ನೋಡಲು ಟಿವಿ ಬಿಟ್ಟು ಬರುತ್ತಾರಲ್ಲ ಅಂತ. ಶಾಲೆಯಲ್ಲಿ ಹೇಳಿಕೊಂಡೆ ಕೂಡ: "ನಮ್ಮ ಅತ್ತಿಯವರಿಗಿ ಇದು ಭಾಳ ಚಂದ ಅನಸ್ತದ ನೋಡ್ರಿ, ದಿನಾ ಕುಂತು ನೋಡ್ತಾರ."

ಮನೆಯಲ್ಲಿ ಏನು ಎಷ್ಟು ಉಳಿಯಿತು, ಯಾರು ಏನು ಉಂಡರು ಎಂಬುದು ನನ್ನ ಕಣ್ಣು ತಪ್ಪುವುದಿಲ್ಲ. ಅತ್ತೆಯ ಸಂಜೆಯ ಚಹಾ ಅರ್ಧ ಉಳಿಯುತ್ತಿದ್ದದ್ದೂ ಕಂಡಿತ್ತು. ಸಕ್ಕರೆ ಕಡಿಮೆಯಾಯಿತೇನೋ ಅಂತ ಹೆಚ್ಚು ಹಾಕಿದೆ. ಹೆಚ್ಚಾಯಿತೇನೋ ಅಂತ ಕಡಿಮೆ ಮಾಡಿದೆ. ಶುಂಠಿ ಬಿಟ್ಟೆ. ಚಹಾ ಅರ್ಧವೇ ಉಳಿಯುತ್ತಿತ್ತು. ನಾನು ಶಾಲೆಯಿಂದ ಬರುವ ಹೊತ್ತಿಗೆ ಸರಿಯಾಗಿ ಅವರು ಪಾಯಖಾನೆಯಿಂದ ಬರುತ್ತಿದ್ದದ್ದೂ ಕಂಡಿತ್ತು. ಕಂಡದ್ದನ್ನು ಒಂದಕ್ಕೊಂದು ಹೊಂದಿಸಲಿಲ್ಲ.

ಅದೊಂದು ರವಿವಾರ ಮಧ್ಯಾಹ್ನ. ಮನೆಯವರು ಡ್ಯೂಟಿಗೆ ಹೋಗಿದ್ದರು. ಆ ವಾರ ಅತ್ತೆಯ ಕಾಲು ಬಾತು, ನೀರು ಇಳಿಯಲಿ ಅಂತ ಡಾಕ್ಟರು ಹೊಸ ಗುಳಿಗೆ ಬರೆದಿದ್ದರು. ಮೇಲಿಂದ ಮೇಲೆ ಬಚ್ಚಲಿಗೆ ಹೋಗಬೇಕಾಗುತ್ತದೆ, ಹೆದರಬೇಡಿ ಅಂತ ನನ್ನ ಮುಂದೆಯೇ ಹೇಳಿದ್ದರು. ಊಟವಾದ ಮೇಲೆ ಆ ಗುಳಿಗೆಯನ್ನು ಕೈಗೆ ಕೊಟ್ಟವಳು ನಾನೇ. ನೀರಿನ ಲೋಟ ಕೊಟ್ಟವಳೂ ನಾನೇ. ಕೊಟ್ಟು, ಬಟ್ಟೆ ಕಟ್ಟಿ, ಬಂದೂಕು ತೆಗೆದೆ.

ಆ ದಿನ ಕೈ ಕೂಡಿ ಬಂತು. ಛರ್ರಾಗಳು ಒಂದೇ ತೂತಿನಲ್ಲಿ ಹೋಗುತ್ತಿದ್ದವು, ಯಾರೋ ದಾರಿ ಹಿಡಿದು ಕರೆದೊಯ್ದಂತೆ. ಅಂಗಳದ ನೆರಳು ಗೋಡೆಯಿಂದ ಇಳಿದು ನಡುವಿಗೆ ಬಂತು. ಇನ್ನೊಂದು, ಇನ್ನೊಂದು ಅನ್ನುತ್ತ ಹೋದೆ. ನಡುವೆ ಅತ್ತೆ ಎದ್ದು ನಿಂತದ್ದು ಕಣ್ಣಂಚಿಗೆ ಬಂತು. ಬಾಗಿಲ ಚೌಕಟ್ಟು ಹಿಡಿದರು, ತಂತಿಯ ಕಡೆ ನೋಡಿದರು, ಮತ್ತೆ ಕೂತರು.

ನಾನು ನೋಡಲಿಲ್ಲ ಅನ್ನುವಂತಿಲ್ಲ. ನೋಡಿದೆ. ಏನಾದರೂ ಬೇಕೇನೋ, ಕೇಳಬೇಕು ಅಂತ ಅನಿಸಿತು ಕೂಡ. ಆದರೆ ಕೆನ್ನೆ ಎತ್ತಿದರೆ ಕೂಡಿ ಬಂದದ್ದು ಹೋಗುತ್ತದೆ ಅಂತ ಕಣ್ಣು ತೆಗೆಯಲಿಲ್ಲ. ಚುಕ್ಕಿ ಬಿಟ್ಟು ಬೇರೆ ಏನೂ ಇಲ್ಲ.

ತಂದಿಟ್ಟ ಛರ್ರಾ ಎಲ್ಲ ಮುಗಿದ ಮೇಲೆ ಬಂದೂಕು ಮಲಗಿಸಿ, ಕಾಗದ ನೋಡಲು ಕರೆಯುವ ಆಸೆಯಲ್ಲಿ ಅತ್ತೆಯ ಕಡೆ ತಿರುಗಿದೆ. ಫರ್ಸಿ ಕಲ್ಲು ಒಣಗಿದ್ದಾಗ ಬೂದಿ ಬಣ್ಣ, ನೀರು ಬಿದ್ದರೆ ಕಪ್ಪಾಗುತ್ತದೆ. ಅತ್ತೆ ಕೂತ ಕಲ್ಲು ಕಪ್ಪಾಗಿತ್ತು. ಆ ಕಪ್ಪು ಹೊಸ್ತಿಲವರೆಗೆ ಹರಿದಿತ್ತು. ಅವರು ಸೆರಗನ್ನು ಮೊಣಕಾಲ ಮೇಲೆ ಎಳೆದುಕೊಂಡು ನೆಲ ನೋಡುತ್ತಿದ್ದರು.

"ನೀರ ಚೆಲ್ಲತವ್ವಾ," ಅಂದರು. "ಲೋಟಾ ಜಾರತು ಕೈಯಾಗಿಂದ."

ಲೋಟ ಅವರ ಪಕ್ಕದಲ್ಲಿತ್ತು. ಅರ್ಧ ನೀರು ಹಾಗೇ ಇತ್ತು.

"ಇರ್ಲಿ ಬಿಡ್ರಿ ಅತ್ತಿ. ನಾ ಒರಸ್ತೀನಿ," ಅಂದೆ. ನನ್ನ ದನಿ ಶಾಲೆಯ ಮಕ್ಕಳಿಗೆ ಹೇಳುವ ಹಾಗೆ ಬಂತು, ಅದು ನನಗೇ ಕೇಳಿಸಿತು.

ಬಕೆಟ್ಟು ತಂದೆ. ಅವರನ್ನು ಕೈಹಿಡಿದು ಎಬ್ಬಿಸಿ, "ಬಚ್ಚಲಕ ನಡೀರಿ, ಸೀರಿ ಒದ್ದಿ ಆಗ್ಯಾದ," ಅಂದರೆ ಹೊಸ್ತಿಲಲ್ಲೇ ನಿಂತುಬಿಟ್ಟರು. ತಂತಿಯ ಕಡೆ ಗದ್ದ ಎತ್ತಿ ತೋರಿಸಿದರು.

"ಬಟ್ಟಿ ಇನ್ನಾ ಅದ."

"ಮುಗೀತ್ರಿ. ಬಂದೂಕು ಕೆಳಗಿಟ್ಟೀನಿ ನೋಡ್ರಿ."

"ನೀ ಖುಲ್ಲಾ ಅಂದಿಲ್ಲ."

ಆಗ ನನಗೆ ತಿಳಿಯಿತು. ನಮ್ಮ ಮಾವ ಸುಣ್ಣಗಲ್ಲಿನ ಖಣಿಯಲ್ಲಿ ಕೆಲಸ ಮಾಡಿದವರು. ಅತ್ತೆ ಮದುವೆಯಾಗಿ ಬಂದದ್ದು ಖಣಿಯ ಪಕ್ಕದ ಲೈನ್ ಮನೆಗೆ. ಅಲ್ಲಿ ಸುರಂಗ ಹಾರಿಸುವ, ಅಂದರೆ ಮದ್ದಿಟ್ಟು ಕಲ್ಲು ಸಿಡಿಸುವ ಮೊದಲು ಕೆಂಪು ಬಾವುಟ ಏರಿಸುತ್ತಿದ್ದರಂತೆ. ಬಾವುಟ ಏರಿತೆಂದರೆ ಹೆಂಗಸರು ಮಕ್ಕಳು ಎಲ್ಲಿದ್ದವರು ಅಲ್ಲೇ, ಬಾಗಿಲ ಒಳಗೆ, ಮೇಲಿನ ಕಲ್ಲಿನ ಕೆಳಗೆ ಕೂಡಬೇಕು. ಸುರಂಗ ಹಾರಿದರೂ ಏಳುವಂತಿಲ್ಲ, ಒಂದೊಂದು ಸಲ ತಡವಾಗಿ ಹಾರುವುದೂ ಇರುತ್ತದೆ. ಖಣಿಯವನು ಬಂದು "ಖುಲ್ಲಾ" ಅಂತ ಕೂಗಿದ ಮೇಲೆಯೇ ಹೊಸ್ತಿಲು ದಾಟುವುದು.

"ಒಲಿ ಮ್ಯಾಲ ಹಾಲ ಉಕ್ಕಿ ಹೋದ್ರೂ ಕುಂತೇ ಇರತಿದ್ವಿ," ಅಂದರು, ಬೇರೆ ಯಾರದೋ ಸುದ್ದಿ ಹೇಳಿದಂತೆ.

"ಮತ್ತ ದಿನಾ ಹೆಂಗ ಎದ್ದು ಹೋಗತಿದ್ರಿ?"

"ದಿನಾ ನೀ ಬಟ್ಟಿ ಬಿಚ್ಚಿ ಒಳಗ ಬಂದು 'ಮುಗೀತ್ರಿ ಅತ್ತಿ' ಅಂತಿದ್ದೆಲ್ಲ. ಅದನ್ನೇ ಖುಲ್ಲಾ ಅಂತ ತಿಳಕೊಂಡಿದ್ದೆ."

ನಾನು ಅಂಗಳದ ಕಡೆ ಮುಖ ಮಾಡಿ "ಖುಲ್ಲಾ" ಅಂದೆ. ಹೋಗಿ ಬಟ್ಟೆ ಬಿಚ್ಚಿ ಬಂದು, ಅವರ ಕೈ ಹಿಡಿದು ಮತ್ತೊಮ್ಮೆ ಅಂದೆ. ಅವರು ಸೆರಗು ಸರಿಮಾಡಿಕೊಂಡು, ನನ್ನ ಕೈ ಬಿಡಿಸಿಕೊಂಡು, ಒಬ್ಬರೇ ಅಂಗಳ ದಾಟಿದರು. ಸೀರೆಯನ್ನು ನನಗೆ ಒಗೆಯಲು ಕೊಡಲಿಲ್ಲ. ಬಾಗಿಲು ಹಾಕಿಕೊಂಡು ತಾವೇ ಒಗೆದರು. ಒಳಗಿಂದ ಬಡಿಯುವ ಸದ್ದು ಕೇಳುತ್ತ ನಾನು ಹೊಸ್ತಿಲು ಒರೆಸಿದೆ. ಕಾಗದವನ್ನು ಒಲೆಗೆ ಹಾಕಿದೆ, ಒಂದೇ ತೂತಿನದು.

ಬಂದೂಕು ಪೆಟ್ಟಿಗೆಗೆ ಹೋಯಿತು. ನಮ್ಮ ಮನೆಯವರು ಕೇಳಿದಾಗ ಶಾಲೆಯ ಕೆಲಸ ಹೆಚ್ಚು ಅಂದೆ. ಅವರಿಗೆ ಇದನ್ನು ಹೇಳಲಿಲ್ಲ. ಹೇಳಿದರೆ ಅತ್ತೆಯ ಮಾನ ಹೋಗುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ನನ್ನ ಮಾನದ ಮಾತೂ ಅದರಲ್ಲಿತ್ತು. ಸಂಜೆ ಚಹಾ ಈಗ ಪೂರ್ತಿ ಹೋಗುತ್ತಿತ್ತು, ದಿನಾ. ಹಿಂದಿನ ಅಷ್ಟು ಸಂಜೆ, ನಡುವೆ ಎದ್ದು ಹೋಗಬೇಕಾದೀತೆಂದು ಅವರು ಉಳಿಸಿದ ಅರ್ಧರ್ಧ ಕಪ್ಪುಗಳನ್ನು ನಾನು ಸಕ್ಕರೆಯ ಲೆಕ್ಕಕ್ಕೆ ಹಾಕಿದ್ದೆನಲ್ಲ.

ಅತ್ತೆಯೇ ಒಂದು ದಿನ ಅವರೆಕಾಯಿ ಸುಲಿಯುತ್ತ ಮಾತು ತೆಗೆದರು.

"ಯಾಕವಾ, ಟಪ್ ಟಪ್ ಕೇಳವಲ್ದು?"

"ಬ್ಯಾಸರ ಆತ್ರಿ."

"ಬ್ಯಾಸರಾದ್ರ ಪೆಟ್ಟಿಗಿ ಯಾಕ ದಿನಾ ವರಸ್ತಿ?" ಅಂದು ಇನ್ನೊಂದು ಕಾಯಿ ಸುಲಿದರು. "ಮುದುಕಿ ಸಲುವಾಗಿ ಬಿಟ್ಟಾಳ ಅಂತ ಆಗಬಾರದು. ಆ ಭಾರ ನನ್ನ ಮ್ಯಾಲ ಹಾಕಬ್ಯಾಡ."

ಹೀಗೆ ಬಿಟ್ಟರೂ ಭಾರ ಅವರ ಮೇಲೆ, ಹಿಡಿದರೂ ಅವರ ಮೇಲೆ. ಕೊನೆಗೆ ಕೆಂಪು ಬಟ್ಟೆಯನ್ನು ತಂದು ಅವರ ಕೈಗೆ ಕೊಟ್ಟೆ. ಇನ್ನು ಕಟ್ಟುವವರೂ ನೀವೇ, ಬಿಚ್ಚುವವರೂ ನೀವೇ, ಖುಲ್ಲಾ ಅನ್ನುವವರೂ ನೀವೇ, ನಡುವೆ ಯಾವಾಗ ಬೇಕಾದರೂ ಅನ್ನಿರಿ, ಅಂದ ಕೂಡಲೇ ಬಂದೂಕು ಕೆಳಗೆ, ಅಂದೆ. ಅವರು ಬಟ್ಟೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. "ನಾ ಈಗ ಖಣಿ ಸಾಹೇಬ," ಅಂದರು. ಮೊದಲ ದಿನ ನಾನು ಇನ್ನೂ ಕೆನ್ನೆ ಇಡುವಷ್ಟರಲ್ಲೇ "ಖುಲ್ಲಾ" ಅಂದು, ನಾನು ಬಂದೂಕು ಇಳಿಸಿದ್ದು ನೋಡಿ, "ಸುಮ್ನ, ಕೇಳ್ತದೋ ಇಲ್ಲೋ ನೋಡಿದೆ," ಅಂತ ನಕ್ಕರು.

ಈಗ ನನ್ನ ಗುರಿ ಮೊದಲಿನಂತಿಲ್ಲ. ಪ್ರತಿ ಛರ್ರಾ ಹೋದ ಕೂಡಲೇ ತಲೆ ಎತ್ತಿ ಹೊಸ್ತಿಲ ಕಡೆ ನೋಡುತ್ತೇನೆ. ಸೇಡಂಗೆ ಹೋದಾಗ ಆ ಮಿಲಿಟರಿಯವರು, "ಬಾಯಾರ, ಹೋಗಿದ್ದ ಚಟ ಮತ್ತ ಬಂತಲ್ಲ," ಅನ್ನುತ್ತಾರೆ. ಹೌದ್ರಿ ಅನ್ನುತ್ತೇನೆ.

ಎಲ್ಲ ಸರಿಹೋಯಿತು ಅಂತ ಬರೆಯಬಹುದಿತ್ತು. ಆದರೆ ಮೊನ್ನೆ ಸಂಜೆ ಶಾಲೆಯಿಂದ ಬಂದು, ಚಹಾ ಕೊಟ್ಟು, ಗುರಿ ಹೊಡೆಯುವ ದಪ್ಪ ಅಂಗಿ ಹಾಕಿಕೊಂಡು ಹೊರಗೆ ಬಂದೆ. ಅತ್ತೆ ತಂತಿಗೆ ಬಟ್ಟೆ ಕಟ್ಟಿ ಬಂದು ತಮ್ಮ ಜಾಗದಲ್ಲಿ ಕೂತಿದ್ದರು. ಪಕ್ಕದಲ್ಲಿ ಚಹಾದ ಕಪ್ಪು. ಅರ್ಧ ಚಹಾ ಉಳಿದಿತ್ತು, ಮೇಲೆ ಕೆನೆ ಕಟ್ಟುತ್ತಿತ್ತು.

ನಾನು ಅಂಗಿಯ ಗುಂಡಿ ಬಿಚ್ಚಿದೆ.

"ಇವತ್ತ ಒಲ್ಲೆರಿ ಅತ್ತಿ."

"ಯಾಕ?"

"ರಟ್ಟಿ ನೋಯ್ಲಿಕತ್ತಾದ."

"ಹೌದೇನು," ಅಂದರು. ಕಪ್ಪು ಎತ್ತಿಕೊಂಡು, ನನ್ನ ಕಡೆ ನೋಡದೆ, ಆರಿದ ಚಹಾವನ್ನು ತಳದವರೆಗೆ ಕುಡಿದರು.